ಕಡ್ಡಿ ಮುರಿದಂಥ ಎರಡು ಸಾಲು

ನಮ್ಮ ಸವಣೂರ ಕಡೆ ಯಾರ ಮನೆಗೆ ಹೋದರೂ ಹೋದ ಕೆಲಸವನ್ನು ಮೊದಲು ಹೇಳುವಂತಿಲ್ಲ. ಕುಳಿತುಕೊಳ್ಳಬೇಕು, ನೀರು ಕುಡಿಯಬೇಕು, ಮಳೆ-ಬೆಳೆ, ದನಕರು, ಮಕ್ಕಳುಮರಿ ಎಲ್ಲ ಮುಗಿಸಿ, ಚಹಾದ ಕಪ್ಪು ಕೆಳಗಿಟ್ಟು, ಹೊರಡಲು ಎದ್ದು, ಚಪ್ಪಲಿ ಮೆಟ್ಟುತ್ತ "ಅಂದಂಗ..." ಎಂದು ಶುರು ಮಾಡಬೇಕು. ಅದು ಮರ್ಯಾದೆ. ಆ ಮರ್ಯಾದೆಯನ್ನು ನಾನು ಇಮೇಲಿನಲ್ಲೂ ತೋರಿಸಲು ಹೋದೆ ನೋಡಿ, ಅಲ್ಲೇ ಎಡವಟ್ಟಾಯಿತು.

ಬಿಎಸ್ಸಿ ಮುಗಿದಿತ್ತು. ಎಂಎಸ್ಸಿ ಸೀಟಿಗೆ ಅರ್ಜಿ ಹಾಕಿದ್ದೆ. ಕಲಿಸಿದ ಪ್ರೊಫೆಸರೊಬ್ಬರ ಶಿಫಾರಸು ಪತ್ರ ಶನಿವಾರದೊಳಗೆ ತಲುಪದಿದ್ದರೆ ಆ ಅರ್ಜಿ ಅಲ್ಲಿಗೇ ಮುಗಿದಂತೆ. ರಸಾಯನಶಾಸ್ತ್ರ ಕಲಿಸಿದ ಸರ್ ಅಷ್ಟರಲ್ಲಿ ಹಾನಗಲ್ಲಿಗೆ ವರ್ಗವಾಗಿದ್ದರು. ಫೋನ್ ಎತ್ತುವವರಲ್ಲ, ಏನಿದ್ದರೂ ಮೇಲ್ ಮಾಡಿ ಎನ್ನುವವರು. ಸೋಮವಾರ ಕಟ್ಟೆಯ ಮೇಲೆ ಕುಳಿತು ಮೊಬೈಲಿನಲ್ಲಿ ಬರೆಯತೊಡಗಿದೆ. ವೀಳ್ಯದೆಲೆಯ ತೋಟದಿಂದ ಬಂದ ಅಪ್ಪ ಪಕ್ಕದಲ್ಲೇ ಕುಳಿತ.

"ಮೊದಲ ಆರಾಮ ಅದಾರೇನು ಕೇಳು. ಮನಿಯವ್ರದೂ ಕೇಳು. ಒಮ್ಮೆಲೆ ಪತ್ರ ಕೊಡ್ರಿ ಅಂದ್ರ ಬಾಗಲದಾಗ ನಿಂತು ಒದರಿದಂಗ ಆಕ್ಕೈತಿ."

ಕೇಳಿದೆ. ಸರ್ ಆರೋಗ್ಯ, ಅವರ ಮನೆಯವರ ಆರೋಗ್ಯ, ಹಾನಗಲ್ಲಿನ ನೀರು ಒಗ್ಗಿತೋ ಇಲ್ಲವೋ, ಇಲ್ಲಿ ಎಲೆಬಳ್ಳಿಗೆ ರೋಗ ಬಿದ್ದದ್ದು, ಅವರು ಹೋದ ಮೇಲೆ ಲ್ಯಾಬು ಭಣಗುಡುತ್ತಿರುವುದು. ಪತ್ರದ ಮಾತು ಬಂದದ್ದು ಕಟ್ಟಕಡೆಗೆ, 'ತಮ್ಮ ವಿಧೇಯ ವಿದ್ಯಾರ್ಥಿನಿ' ಎನ್ನುವುದರ ಸ್ವಲ್ಪ ಮೇಲೆ, ಅದೂ 'ತಮಗೆ ತೊಂದರೆ ಆಗದಿದ್ದರೆ' ಎಂಬ ಸೆರಗಿನ ಮರೆಯಲ್ಲಿ. ವಿಷಯದ ಜಾಗದಲ್ಲಿ 'ನಮಸ್ಕಾರ ಸರ್' ಎಂದು ಹಾಕಿದ್ದೆ. ಅಪ್ಪ ಪೂರ್ತಿ ಓದಿಸಿಕೊಂಡು, "ಛೊಲೋ ಆಗೇತಿ ನೋಡು" ಎಂದ.

ಮರುದಿನ ಉತ್ತರ ಬಂತು: 'ನಾವೆಲ್ಲ ಕ್ಷೇಮ. ನಿಮ್ಮ ಅಭಿಮಾನಕ್ಕೆ ಧನ್ಯವಾದ.' ಅಷ್ಟೇ! ಮೇಲೆ ಕೆಳಗೆ ಜಾರಿಸಿ ನೋಡಿದೆ, ಪತ್ರದ ಸುದ್ದಿಯೇ ಇಲ್ಲ. ಅಯ್ಯೋ ದೇವರೇ, ಪುಣ್ಯಾತ್ಮರು ಕೊನೆಯವರೆಗೆ ಓದಿಯೇ ಇಲ್ಲ! ನನಗೆ ಸರ್ ಮೇಲೂ ಸಿಟ್ಟು, ಅಪ್ಪನ ಮೇಲೂ ಸಿಟ್ಟು.

ಒಳಗೆ ಎಲೆಯ ಪೆಂಡಿ ಕಟ್ಟುತ್ತಿದ್ದ ಅಕ್ಕ ನನ್ನ ಕೂಗಾಟ ಕೇಳಿ ನಕ್ಕಳು. "ಏ ಖೋಡಿ, ಪುರಾಣ ಬಿಟ್ಟು ಕಡ್ಡಿ ಮುರದಂಗ ಬರಿ. ಏನ್ ಬೇಕು, ಯಾವಾಗ ಬೇಕು, ಮುಗೀತು."

ಈ ಸಲ ವಿಷಯದಲ್ಲಿ 'ಎಂಎಸ್ಸಿಗೆ ಶಿಫಾರಸು ಪತ್ರ, ಶನಿವಾರ ಕೊನೆಯ ದಿನ' ಎಂದು ಹಾಕಿದೆ. ಕೆಳಗೆ ಎರಡೇ ಸಾಲು: ನಾನು ನಿಮ್ಮಲ್ಲಿ ಕಲಿತವಳು, ಈ ಪತ್ರ ಬೇಕಾಗಿದೆ, ಕೊಡಲು ಆಗುತ್ತದೆಯೇ ತಿಳಿಸಿ. ಆಮೇಲೆ ಹೆಸರು, ಕ್ಲಾಸು. ಕಳಿಸುವಾಗ ಹಿರಿಯರ ಎದುರು ಕಾಲ ಮೇಲೆ ಕಾಲು ಹಾಕಿ ಕುಳಿತಂತೆ ಅನಿಸಿತು.

ಅರ್ಧ ತಾಸಿನಲ್ಲಿ ಉತ್ತರ. 'ಕ್ಷಮಿಸಿ, ನನಗೆ ನಿಮ್ಮ ಪರಿಚಯ ಸಾಲದು. ಪತ್ರ ಕೊಡಲಾರೆ. ನಿಮ್ಮ ಪ್ರಾಜೆಕ್ಟ್ ಮಾಡಿಸಿದವರನ್ನು ಇವತ್ತೇ ಕೇಳಿ.'

ಅತ್ತುಬಿಟ್ಟೆ. ನಮ್ಮಲ್ಲಿ ಯಾರೂ 'ಇಲ್ಲ' ಎನ್ನುವುದಿಲ್ಲ. 'ನೋಡೂಣು' ಎನ್ನುತ್ತಾರೆ, 'ತಿಳಸ್ತೇವಿ' ಎನ್ನುತ್ತಾರೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಹೀಗೆ ಮುಖಕ್ಕೇ ಹೊಡೆದಂತೆ 'ಇಲ್ಲ' ಎಂದವರನ್ನು ನಾನು ಕಂಡಿರಲಿಲ್ಲ. ಅಪ್ಪನಂತೂ "ಎಷ್ಟ್ ಸೊಕ್ಕ ಅವ್ರಿಗೆ!" ಎಂದು ಕಿಡಿಕಿಡಿಯಾದ. ಅಕ್ಕ ಮಾತ್ರ ಕೈಯೊಳಗಿನ ಎಲೆ ಕೆಳಗಿಟ್ಟು ನನ್ನ ಹತ್ತಿರ ಬಂದಳು.

"ನೋಡೂಣು ಅಂತ ಹೇಳಿ ಶನಿವಾರ ತನಕ ಕಾಯಿಸಿದ್ರ ಏನ್ ಮಾಡ್ತಿದ್ದಿ? ಕಣ್ಣೀರು ಒರಿಸ್ಕೊ. ಮೇಡಮ್ಮರಿಗೆ ಬರಿ."

ಪ್ರಾಜೆಕ್ಟ್ ಮಾಡಿಸಿದ ಮೇಡಂ ಶಿಗ್ಗಾವಿಯವರು. ಅವರಿಗೂ ಅದೇ ಎರಡು ಸಾಲು ಹೋಯಿತು. ಗುರುವಾರ ಅವರು ಪತ್ರ ಕಳಿಸಿದರು, ಮುಂದಿನ ತಿಂಗಳು ಸೀಟೂ ಬಂತು. ಅವ್ವ ಸಿಹಿಗೆಂದು ಮಾದಲಿ ಮಾಡಿದಳು. ಅಪ್ಪ ಓಣಿಯಲ್ಲೆಲ್ಲ ಹೇಳಿಕೊಂಡು ಬಂದ.

ಊಟವಾದ ಮೇಲೆ ಅಕ್ಕ ನನ್ನನ್ನು ಹಿತ್ತಲಿಗೆ ಕರೆದಳು. ಹಿರೇಕೆರೂರಿನ ಗಂಡಿನ ಕಡೆಯವರು ಅವಳನ್ನು ನೋಡಿ ಹೋದದ್ದು ಯುಗಾದಿಯಲ್ಲಿ. ಈಗ ದೀಪಾವಳಿ ಹತ್ತಿರ ಬಂದಿತ್ತು. ಅಪ್ಪ ಫೋನ್ ಮಾಡಿದಾಗಲೆಲ್ಲ ಆ ಕಡೆಯಿಂದ ಮಳೆ, ಬೆಳೆ, ಆರೋಗ್ಯ, ಕಡೆಗೆ 'ತಿಳಸ್ತೇವ್ರಿ'. ಆ ಮಾತು ನಂಬಿ ಮನೆಯಲ್ಲಿ ಬೇರೆ ಸಂಬಂಧಗಳನ್ನೂ ಬಿಟ್ಟಿದ್ದರು. ಅಕ್ಕ ಆ ಹುಡುಗನ ನಂಬರು ತೆಗೆದು ತನ್ನ ಮೊಬೈಲನ್ನು ನನ್ನ ಕೈಗಿಟ್ಟಳು.

"ನಿಮ್ಮ ಸರ್‌ಗೆ ಬರದೀಯಲ್ಲ, ಹಂಗ ಎರಡ ಸಾಲು ಬರದು ಕೊಡು. ಹೂಂ ಅಂದ್ರ ಹೂಂ. ಇಲ್ಲಂದ್ರ, ನನಗೂ ಒಬ್ರಾದ್ರೂ 'ಇಲ್ಲ' ಅನ್ಲಿ."