ದೇವಪುತ್ರ ದರ್ಜಿ ಕೊಯ್ದ ಸುಳಿ

ಗಡಿಯಾಚೆ ಮರಾಠಿ ಸೀಮೆಯ ಉಮರ್ಗಾದ ಹಳೇ ಬಜಾರಿನಲ್ಲಿ ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ದೇವಪುತ್ರ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು. ಅವನು ಮಾಡಿದ ಕೆಲಸ ಕೇಳಿದರೆ ಯಾರಿಗಾದರೂ ಮೈ ಉರಿಯುತ್ತದೆ, ಅವನ ಮುಖ ನೋಡಿದರೆ ಮಾತ್ರ ಬೈಯಲು ಬಾಯಿ ಬರುವುದಿಲ್ಲ.

ಅವನ ಅಜ್ಜ ಹುಮನಾಬಾದ ಕಡೆಯವನು. ಹಳ್ಳದ ದಂಡೆಯ ಈಚಲ ಗರಿ ಕೊಯ್ದು, ಕಸಬರಿಗೆ ಕಟ್ಟಿ, ಊರೂರು ಮಾರುತ್ತ ಈ ಕಡೆ ಬಂದು ನೆಲೆ ನಿಂತ. ಅಪ್ಪ ಕಸಬರಿಗೆ ಬಿಟ್ಟು ಮಿಶನ್ನಿನವರ ಹತ್ತಿರ ಹೊಲಿಗೆ ಕಲಿತ. ದೇವಪುತ್ರನ ಕಾಲಕ್ಕೆ ಈಚಲ ಗರಿ ಮನೆಗೆ ಬರುತ್ತಿದ್ದುದು ವರ್ಷಕ್ಕೊಮ್ಮೆ, ಈಸ್ಟರಿನ ಹಿಂದಿನ ವಾರದ ಗರಿಗಳ ಭಾನುವಾರಕ್ಕೆ. ಯೇಸುವನ್ನು ಯೆರೂಸಲೇಮಿನ ಜನ ಗರಿ ಬೀಸಿ ಬರಮಾಡಿಕೊಂಡ ನೆನಪಿಗೆ ಅಂದು ಸಭೆಯವರೆಲ್ಲ ಗರಿ ಹಿಡಿದು, ಹಾಡುತ್ತ ಚರ್ಚಿನ ಸುತ್ತ ಬರುತ್ತಾರೆ. ಆ ಗರಿ ತಂದುಕೊಡುವ ಸೇವೆ ಅಜ್ಜನ ಕಾಲದಿಂದ ಇವರ ಮನೆಯದು. ಅರವತ್ತು ಜನರ ಪುಟ್ಟ ಕನ್ನಡ ಸಭೆ ಅದು. ಹಿರಿಯರ ಸಾಲಿನಲ್ಲಿ ಕೂರುವಷ್ಟು ಓದಾಗಲಿ ಅನುಕೂಲವಾಗಲಿ ಇಲ್ಲದ ದರ್ಜಿಗೆ ಆ ಒಂದು ದಿನದ ಮರ್ಯಾದೆ ಬಹಳ ದೊಡ್ಡದಾಗಿತ್ತು.

ಅದಕ್ಕಿಂತ ದೊಡ್ಡದು ಅವನಿಗೆ ಮಗಳು ಸಪನಾ. ಮದುವೆಯಾದ ಒಂಬತ್ತನೇ ವರ್ಷಕ್ಕೆ ಹುಟ್ಟಿದವಳು. ಅವಳನ್ನು ಬೆಳೆಸುವ ವಿಷಯದಲ್ಲಿ ಅವನಿಗೆ ಅವನದೇ ಹಟ. ಮನೆಯೊಳಗೆ ಪ್ಲಾಸ್ಟಿಕ್ ಚೀಲ ಕಾಲಿಡುವಂತಿಲ್ಲ. ಅಂಗಡಿಯ ಚಿಂದಿ ಬಟ್ಟೆ ಸುಡುವಂತಿಲ್ಲ, ಅದರಲ್ಲೇ ಚೀಲ ಹೊಲಿದು ಓಣಿಗೆಲ್ಲ ಹಂಚುತ್ತಿದ್ದ. ರಾತ್ರಿ ಊಟಕ್ಕೆ ಮುಂಚೆ ಪ್ರಾರ್ಥನೆ, ಪ್ರಾರ್ಥನೆಗೆ ಮುಂಚೆ ಒಂದು ಪ್ರಶ್ನೆ.

“ದೇವರು ಮೊದಲನೇ ಮನಷ್ಯಾಗ ಕೊಟ್ಟ ನೌಕರಿ ಯಾವದು?”

“ಮಾಲಿ,” ಎನ್ನಬೇಕು ಸಪನಾ.

“ಹೂಂ. ರಾಜಾ ಮಾಡಲಿಲ್ಲ, ಸಾಹೇಬ ಮಾಡಲಿಲ್ಲ. ತ್ವಾಟಾ ನೋಡ್ಕೋ ಅಂದಾ.”

ಅವಳ ಎಂಟನೇ ಹುಟ್ಟುಹಬ್ಬಕ್ಕೆ ಯೆಣೆಗೂರ ರಸ್ತೆಯ ಹಳ್ಳಕ್ಕೆ ಕರೆದುಕೊಂಡು ಹೋಗಿ, ಆಳೆತ್ತರದ ಒಂದು ಈಚಲ ಗಿಡ ತೋರಿಸಿ, “ದೇವರ ತ್ವಾಟದಾಗ ಇದು ನಿನ್ನ ಪಾಲು, ಇದರ ಜಿಮ್ಮೇದಾರಿ ನಿಂದು,” ಎಂದ. ಹೆಂಡತಿ ಪಂಕಜ ಹಣೆ ಚಚ್ಚಿಕೊಂಡಳು. “ಉದಗೀರದಾಗ ನಮ್ಮಣ್ಣನ ಮಕ್ಕಳಿಗಿ ಸೈಕಲ್ ಕೊಡಸ್ತಾರ. ನಮ್ಮ ಹುಡುಗಿಗಿ ಝಾಡ! ಅದೂ ಯಾರದೋ ಹಳ್ಳದಾಗಿನ ಝಾಡ!” ಸಪನಾಗೆ ಮಾತ್ರ ಸೈಕಲ್ಲಿಗಿಂತ ಅದೇ ಹೆಚ್ಚಾಯಿತು. ಬೇಸಿಗೆಯಲ್ಲಿ ಶಾಲೆ ಬಿಟ್ಟೊಡನೆ ಎರಡು ಬಾಟಲಿ ನೀರು ಹೊತ್ತು ನಡೆಯುತ್ತಿದ್ದಳು. ಕೆಳಗಿನ ಗರಿಗಳ ನಡುವೆ ಒಂದು ಜೋಡಿ ಪುಟ್ಟ ಹಕ್ಕಿ ಗೂಡು ಕಟ್ಟಿದಾಗ ಮಗಳು ವಾರವಿಡೀ ಮನೆಯಲ್ಲಿ ಪಿಸುಮಾತಿನಲ್ಲೇ ಮಾತಾಡಿದಳು, ಗೂಡು ಎರಡು ಮೈಲಿ ದೂರವಿದ್ದರೂ. ದೇವಪುತ್ರ ಅದನ್ನು ಗಿರಾಕಿಗಳಿಗೆಲ್ಲ ಹೇಳಿಕೊಂಡು ಹಿಗ್ಗಿದ. ಮಗಳು ತಾನು ಬಯಸಿದ ಹಾಗೆಯೇ ಬೆಳೆಯುತ್ತಿದ್ದಾಳೆ ಎಂದು ತಿಳಿದ ಅಪ್ಪನ ಸುಖವೇ ಬೇರೆ.

ಈಗ ಅವಳಿಗೆ ಹನ್ನೊಂದು. ಒಂದು ಕಾಲಕ್ಕೆ ಆ ಹಳ್ಳದ ಉದ್ದಕ್ಕೂ ಈಚಲ ಸಾಲಿತ್ತು. ಉಸುಕು ತೆಗೆಯುವವರು ಅರ್ಧ ಉರುಳಿಸಿದರು, ಉಳಿದದ್ದು ಹೊಲ ಸಮ ಮಾಡುವವರ ಪಾಲಾಯಿತು. ಈ ಸಲ ಗರಿಗಳ ಭಾನುವಾರದ ಮುನ್ನಾದಿನ ಕುಡುಗೋಲು ಹಿಡಿದು ಹೋದ ದೇವಪುತ್ರನ ಎದುರಿಗಿದ್ದದ್ದು ಒಂದೇ ಗಿಡ, ಮಗಳದು. ಯೆಣೆಗೂರಿನ ಆಚೆ ಹುಡುಕಿದ್ದರೆ ಬೇರೆ ಸಿಗುತ್ತಿದ್ದವು. ಅಂಗಡಿಯಲ್ಲಿ ಕೆಲಸ ರಾಶಿ ಬಿದ್ದಿತ್ತು, ಬಿಸಿಲೂ ಇತ್ತು, ಹೋಗಲಿಲ್ಲ. ಸೋಮಾರಿತನಕ್ಕೆ ನೆಪ ಹುಡುಕುವುದರಲ್ಲಿ ಒಳ್ಳೆಯವರೂ ಹಿಂದೆ ಬೀಳುವುದಿಲ್ಲ.

ಸಪನಾ ಜೊತೆಗಿದ್ದಳು. ಅವನು ಕೇಳಿಯೇ ಕೊಯ್ದ.

“ತಗೋ ಅಪ್ಪಾ, ದೇವರಿಗೇ ಅಲ್ಲ?” ಎಂದಳು. “ಕೆಳಗಿನ ಗರಿ ಮಾತ್ರ ಮುಟ್ಟಬ್ಯಾಡ. ಗೂಡ ಅದ.”

ಕೆಳಗಿನದು ಬಿಟ್ಟರೆ ಉಳಿದದ್ದು ನಡುವಿನದು. ಅದು ಅವನಿಗೂ ಸರಿ ಕಂಡಿತು. ಪಾಸ್ಟರಮ್ಮ ಈ ಸಲ ಎಲ್ಲರಿಗೂ ಗರಿಯಲ್ಲಿ ಹೆಣೆದ ಪುಟ್ಟ ಶಿಲುಬೆ ಬೇಕೆಂದಿದ್ದರು. ಹೊರಗಿನ ಗರಿ ಮುಳ್ಳು ಮುಳ್ಳು, ಮಡಿಸಿದರೆ ಮುರಿಯುತ್ತದೆ. ನಡುವೆ ನೆಟ್ಟಗೆ ನಿಂತ, ಇನ್ನೂ ಬಿಚ್ಚದ ಎಳೆಯ ಗರಿ ಬೆಳ್ಳಗೆ, ಮೆತ್ತಗೆ ಇರುತ್ತದೆ. ಬಿಳಿ ಭಾಗ ಉದ್ದ ಸಿಗಲೆಂದು ಕುಡುಗೋಲನ್ನು ಆಳಕ್ಕೆ ಇಳಿಸಿದ. ತಲೆಗೂದಲು ಕತ್ತರಿಸಿದರೆ ಬೆಳೆಯುವುದಿಲ್ಲವೇ ಎಂದುಕೊಂಡ. ರಾತ್ರಿಯೆಲ್ಲ ಅಪ್ಪ ಮಗಳು ಕೂತು ಅರವತ್ತು ಶಿಲುಬೆ ಹೆಣೆದರು. ಮರುದಿನ ಸಭೆಯಲ್ಲಿ ಪಾಸ್ಟರು ಸಪನಾಳ ಹೆಸರು ಹಿಡಿದು ಹೊಗಳಿದಾಗ ಅವನ ಕಣ್ಣು ತುಂಬಿ ಬಂದವು.

ಮಧ್ಯಾಹ್ನ ಮಗಳು ಸಂಡೇ ಸ್ಕೂಲಿಗೆ ಹೋದಮೇಲೆ ದೇವಪುತ್ರ ಒಂದು ಶಿಲುಬೆಯನ್ನು ತಾಯಿ ಬಂಡಮ್ಮನ ಕೈಗಿಟ್ಟ. ಮುದುಕಿಗೆ ಕಣ್ಣು ಮಸುಕು. ಸೊಸೆಯಾಗಿ ಬಂದ ಹೊಸದರಲ್ಲಿ ಮಾವನ ಜೊತೆ ಕಸಬರಿಗೆ ಕಟ್ಟಿದ ಕೈ ಅದು. ಎಲೆಯನ್ನು ಬೆರಳಲ್ಲಿ ಸವರಿದಳು, ಮತ್ತೊಮ್ಮೆ ಸವರಿದಳು.

“ಇದು ಸುಳಿ ಅಲ್ಲೇನೋ?”

“ನಡಬರಕಿನದು. ಮೆತ್ತಗ ಇತ್ತು.”

“ಎಷ್ಟ ಕೊಯ್ದಿ?”

“ಎಲ್ಲಾ ಕೊಯ್ದೆ. ಯಾಕ ಅವ್ವಾ?”

ಬಂಡಮ್ಮ ಶಿಲುಬೆಯನ್ನು ಅವನ ಕೈಗೇ ಮರಳಿಸಿದಳು. “ನಿಮ್ಮಜ್ಜ ಬರೇ ಕೆಳಗಿನ ಗರಿ ಕೊಯ್ತಿದ್ದ. ಸುಳಿಗಿ ಕೈ ಹಚ್ಚಿದ್ರ ನಮಗ ಹೊಡಿಲಾಕ ಬರ್ತಿದ್ದ. ಈಚಲಕ್ಕ ಒಂದೇ ಸುಳಿ ಇರ್ತದಪ್ಪಾ. ಅದು ಹೋತಂದ್ರ ಗಿಡಾ ಹೋತು. ಬ್ಯಾರೇ ಚಿಗರಂಗಿಲ್ಲ.”

ಪ್ರತಿ ವರ್ಷ ಹೊರಗಿನ ಗರಿಯನ್ನೇ ತಂದವನಿಗೆ ಈ ಮಾತು ಕೇಳುವ ಪ್ರಸಂಗವೇ ಬಂದಿರಲಿಲ್ಲ. ಹೊಟ್ಟೆಗಾಗಿ ಕೊಯ್ಯುತ್ತಿದ್ದ ಅಜ್ಜನಿಗೆ ಗೊತ್ತಿದ್ದದ್ದು, ದೇವರಿಗಾಗಿ ಕೊಯ್ದ ಮೊಮ್ಮಗನಿಗೆ ಗೊತ್ತಿರಲಿಲ್ಲ. ಅಂದೇ ಸಂಜೆ ಹೋಗಿ ಗಾಯಕ್ಕೆ ಸೆಗಣಿ ಮೆತ್ತಿ ಬಂದ. ಬೀಜ ಗೊಬ್ಬರದ ಅಂಗಡಿಯವನನ್ನು ಕೇಳಿದ. ಅವನು ಸೋಯಾಬೀನಿಗೆ ಹೊಡೆಯುವ ಎರಡು ಔಷಧದ ಹೆಸರು ಹೇಳಿ, ಈಚಲಿಗೆ ಯಾರಾದರೂ ಔಷಧ ಹಾಕುತ್ತಾರೇನ್ರೀ ಎಂದು ನಕ್ಕ. ದೇವಪುತ್ರನಿಗೆ ಮಾಡಲು ಇನ್ನೇನೂ ಉಳಿಯಲಿಲ್ಲ. ಮಗಳಿಗೆ ಹೇಳುವುದೊಂದು ಉಳಿದಿತ್ತು, ಅದು ಅವನಿಂದ ಆಗಲಿಲ್ಲ.

ಏಪ್ರಿಲ್ ಕೊನೆಗೆ ಗಿಡದ ನೆತ್ತಿ ಕಂದಿತು. ಸಪನಾ ಎರಡು ಬಾಟಲಿ ನೀರನ್ನು ನಾಲ್ಕು ಮಾಡಿದಳು. ಊಟದ ಮುಂಚಿನ ಪ್ರಾರ್ಥನೆಗೆ ಒಂದು ಸಾಲು ಸೇರಿಸಿದಳು: “ತಂದೆಯೇ, ನನ್ನ ಝಾಡಕ್ಕ ಹೊಸ ಎಲಿ ಕೊಡು.” ಎಲ್ಲರೂ ಆಮೆನ್ ಎಂದರು. ದೇವಪುತ್ರನೂ ಎಂದ. ಬಂಡಮ್ಮ ಮಾತ್ರ ತುಟಿ ಬಿಚ್ಚದೆ ರೊಟ್ಟಿ ಮುರಿಯುತ್ತಿದ್ದಳು. ಹೇಳಿಬಿಡೋಣವೆಂದು ಅವನು ದಿನವೂ ಬಾಯಿ ತೆರೆಯುತ್ತಿದ್ದ. ಮಗಳು ಕಣ್ಣು ಮುಚ್ಚಿ ಕೈ ಜೋಡಿಸಿ ಕೂತದ್ದನ್ನು ನೋಡಿದರೆ ಆಮೆನ್ನೇ ಹೊರಡುತ್ತಿತ್ತು. ಪ್ರಾರ್ಥಿಸಲು ಕಲಿಸಿದವನು ತಾನೇ, ಈಗ ಬಿಡು ಎಂದು ಯಾವ ಬಾಯಿಂದ ಹೇಳುವುದು?

ಮೇ ಮುಗಿಯುವ ಹೊತ್ತಿಗೆ ಸಪನಾ ಕಾರಣ ಕಂಡುಹಿಡಿದಳು. ಹಳ್ಳದ ಆಚೆ ಕುರಿ ಆಡು ಮೇಯಿಸುವ ಬೀರಣ್ಣ, ಬೀರಪ್ಪ ದೇವರ ಒಕ್ಕಲು. ಅವನ ಆಡುಗಳೇ ನೆತ್ತಿ ಮೇದಿವೆ ಎಂದು ತೀರ್ಮಾನಿಸಿ, ಒಂದು ಸಂಜೆ ಅಪ್ಪನ ಎದುರಿಗೇ ಅವನನ್ನು ತಡೆದು ಕೇಳಿದಳು. ಬೀರಣ್ಣ ಗಿಡದ ನೆತ್ತಿಯನ್ನು ನೋಡಿದ. ಕುಡುಗೋಲಿನ ಗಾಯ ಯಾವುದು, ಆಡಿನ ಹಲ್ಲು ಯಾವುದು ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ದರ್ಜಿಯ ಮುಖವನ್ನೂ ಒಮ್ಮೆ ನೋಡಿದ.

“ಆಗಿರಬೇಕವ್ವಾ,” ಎಂದ. “ಮೂಕ ಜನಾವರ. ತಪ್ಪಾತು.”

ಅಂದು ರಾತ್ರಿ ಸಪನಾ ಬೀರಣ್ಣನನ್ನು ಕ್ಷಮಿಸೆಂದು ಪ್ರಾರ್ಥಿಸಿದಳು. ಶತ್ರುವಿಗಾಗಿಯೂ ಬೇಡಿಕೊಳ್ಳಬೇಕೆಂದು ಅಪ್ಪನೇ ಕಲಿಸಿದ್ದ. ದೇವಪುತ್ರ ಈ ಸಲ ಆಮೆನ್ ಎನ್ನಲಿಲ್ಲ. ತಟ್ಟೆ ಬಿಟ್ಟು ಎದ್ದು ಹೊರಗೆ ಹೋಗಿ ನಿಂತ.

ಮರುದಿನ ಬೆಳಿಗ್ಗೆ ಅವಳನ್ನು ಹಳ್ಳಕ್ಕೆ ಕರೆದುಕೊಂಡು ಹೋದ. ನಿಂತೇ ಹೇಳಿದ, ಒಂದೂ ಬಿಡದೆ ಹೇಳಿದ. ಅಳುತ್ತಾಳೆ, ಕೂಗಾಡುತ್ತಾಳೆ, ಆಮೇಲೆ ಸಮಾಧಾನ ಮಾಡಬಹುದು ಎಂದುಕೊಂಡಿದ್ದ. ಅವಳು ಅಳಲಿಲ್ಲ.

“ಅಜ್ಜಿಗಿ ಗೊತ್ತಿತ್ತಾ?”

“ಹೂಂ.”

“ಗರಿ ತಂದ ದಿನದಿಂದಾ?”

“ಮರದಿನದಿಂದ.”

“ನಾ ದಿನಾ ಎಲಿ ಕೊಡು ಅಂತ ಬೇಡಕೊಂಡೆ,” ಎಂದಳು ಸಪನಾ. “ನೀ ದಿನಾ ಆಮೆನ್ ಅಂದಿ.”

ಗೊತ್ತಿಲ್ಲದೆ ಸುಳಿ ಕೊಯ್ದದ್ದನ್ನು ಅವಳು ಕ್ಷಮಿಸಬಹುದಿತ್ತು, ಅದು ಅವನಿಗೂ ತಿಳಿಯಿತು. ಗೊತ್ತಿದ್ದೂ ಆಮೆನ್ ಎಂದದ್ದಕ್ಕೆ ಏನು ಮಾಡುವುದು? ಅವಳು ನೇರ ಬೀರಣ್ಣನ ಕುರಿದೊಡ್ಡಿಗೆ ಹೋಗಿ ತಪ್ಪಾಯಿತೆಂದು ಹೇಳಿ ಬಂದಳು. ಅಪ್ಪ ಹಿಂದೆ ಹಿಂದೆ ನಡೆದ. ಅಂದಿನಿಂದ ಊಟದ ಪ್ರಾರ್ಥನೆಯಲ್ಲಿ ಗಿಡದ ಸಾಲು ಇಲ್ಲ. ಕೈ ಜೋಡಿಸಿ ಕೂರುತ್ತಾಳೆ, ಕಣ್ಣು ತೆರೆದಿರುತ್ತವೆ. ಪ್ರಶ್ನೆ ಕೇಳುವುದನ್ನು ದೇವಪುತ್ರನೇ ಬಿಟ್ಟ.

ಜೂನಿನಲ್ಲಿ ಎರಡು ಮಳೆ ಬಿದ್ದವು. ಹಳ್ಳದ ದಂಡೆಯ ಕಸಕಳೆಯೂ ಹಸಿರಾಯಿತು, ಈಚಲೊಂದು ಬಿಟ್ಟು. ಒಂದು ದಿನ ಅಂಗಡಿ ಮುಚ್ಚಿ ದೇವಪುತ್ರ ಎಸ್‌ಟಿ ಬಸ್ಸು ಹತ್ತಿದ. ನಿಲಂಗಾದಲ್ಲಿ ಬಸ್ಸು ಬದಲಿಸಿ ಪಂಕಜಳ ತಂಗಿಯ ಊರಾದ ವಲಾಂಡಿಗೆ ಹೋದ. ಅಲ್ಲಿನ ತೊರೆಯ ಬದಿಯಲ್ಲಿ ಈಚಲ ಸಸಿಗಳು ಗುಂಪುಗಟ್ಟಿ ಎದ್ದಿದ್ದವು. ಒಂದನ್ನು ಬೇರು ಹರಿಯದಂತೆ ಮಣ್ಣುಸಮೇತ ಎಬ್ಬಿಸಿ, ಎಣ್ಣೆ ಡಬ್ಬಿಯಲ್ಲಿಟ್ಟು, ದಾರಿಯುದ್ದಕ್ಕೂ ತೊಡೆಯ ಮೇಲೆ ಹಿಡಿದುಕೊಂಡು ಬಂದ. ಗೇಣುದ್ದದ ಸಸಿ, ಮೂರೇ ಎಲೆ.

ಸಪನಾ ಅದನ್ನು ಬಹಳ ಹೊತ್ತು ನೋಡಿದಳು. ಬೇಡ ಎನ್ನುತ್ತಾಳೇನೋ ಎಂದು ಅವನು ಡಬ್ಬಿಯನ್ನು ಕೆಳಗಿಡದೆ ನಿಂತಿದ್ದ. ಅವಳು ಸನಿಕೆ ತಂದಳು. ಇಬ್ಬರೂ ಹಳ್ಳಕ್ಕೆ ಹೋದರು. ಅವನು ಸನಿಕೆಗೆ ಕೈ ಚಾಚಿದ, ಅವಳು ಕೊಡಲಿಲ್ಲ. ತಾನೇ ಗುಂಡಿ ತೋಡಿದಳು, ತಾನೇ ಇಟ್ಟಳು, ತಾನೇ ಮಣ್ಣು ಮುಚ್ಚಿದಳು. ಒಂದು ಕಡೆಗೆ ವಾಲಿದ ಸಸಿಯನ್ನು ನೆಟ್ಟಗೆ ಮಾಡಲು ಅವನು ಬಗ್ಗಿದ.

“ಅಪ್ಪಾ,” ಎಂದಳು ಸಪನಾ, ಸಿಟ್ಟಿಲ್ಲದೆ, ಸಣ್ಣ ಮಕ್ಕಳಿಗೆ ತಿಳಿಹೇಳುವವಳಂತೆ. “ಇದನ್ನ ನೀ ಮುಟ್ಟಬ್ಯಾಡ.”

ದೇವಪುತ್ರ ಕೈ ಹಿಂದೆ ತೆಗೆದುಕೊಂಡ.

“ಮುಟ್ಟಂಗಿಲ್ಲವ್ವಾ,” ಎಂದ.