ಪುತ್ತಿಗೆಯ ಗಿರಾಕಿಯ ಹೆಸರು

ಕಂಪ್ಯೂಟರ್ ರಿಪೇರಿ ನನ್ನ ಹೊಟ್ಟೆಪಾಡು. ಮೊನ್ನೆ ಪುತ್ತಿಗೆಯ ಬಾಡಿಗೆ ರೂಮಿನಲ್ಲಿ, ಮೂಡುಬಿದಿರೆಯಲ್ಲಿ ಓದುವ ಹುಡುಗಿಯೊಬ್ಬಳ ಕಂಪ್ಯೂಟರ್ ಸರಿಮಾಡಿದೆ. ಪರೀಕ್ಷಿಸಲೆಂದು ಅವಳು ಗುಂಡು ಹಾರಿಸುವ ಗೇಮೊಂದನ್ನು ಹಾಕಿದಳು. ಹಳೆಯ ಗೇಮನ್ನೇ ಹೊಸದಾಗಿ ಮಾಡಿದ್ದಂತೆ.

"ಹೀರೋ ಜಪಾನಿನವ. ಹಳೆಯದರಲ್ಲಿ ಅವನ ಮುಖ, ತೊದಲು ಇಂಗ್ಲಿಷೇ ತಮಾಷೆ. ಇದರಲ್ಲಿ ಮನುಷ್ಯರ ಹಾಗೆ ಮಾತಾಡ್ತಾನೆ" ಎಂದಳು.

"ಒಳ್ಳೆದಾಯ್ತು. ಮುಖ ನೋಡಿ ಹಂಗಿಸುವುದು ದೊಡ್ಡ ಪಾಪ. ಎಲ್ಲ ಮುಖವೂ ಅಲ್ಲಾಹನ ಸೃಷ್ಟಿಯಲ್ವಾ?" ಎಂದು ನಾನು ಸಣ್ಣ ಪ್ರವಚನವನ್ನೇ ಕೊಟ್ಟೆ.

ಹೊರಡುವಾಗ ನನ್ನ ಫೋನ್ ಕಾಣಲಿಲ್ಲ.

"ನಿಲ್ಲಿ, ರಿಂಗ್ ಕೊಡ್ತೇನೆ" ಎಂದಳು.

ಕೀಬೋರ್ಡಿನ ಹಿಂದೆಯೇ ಅದು ಬೆಳಗಿತು. ನಮ್ಮ ಕೆಲಸದಲ್ಲಿ ಗಿರಾಕಿಯ ಹೆಸರು ಕೇಳುವ ರೂಢಿ ಇಲ್ಲ. ಊರು, ಜೊತೆಗೊಂದು ಗುರುತು ಹಾಕಿ ನಂಬರ್ ಉಳಿಸಿಕೊಳ್ಳುತ್ತೇವೆ. ಅವಳು ಬಗ್ಗಿ, ಪರದೆಯಲ್ಲಿ ತನ್ನ ನಂಬರಿಗೆ ನಾನಿಟ್ಟ ಗುರುತನ್ನು, ಇಲ್ಲಿಗೆ ಬಂದು ಕಲಿತ ಕನ್ನಡದಲ್ಲಿ ಅಕ್ಷರ ಕೂಡಿಸಿ ಓದಿದಳು: "ಪುತ್ತಿಗೆ... ಚೈನಾ."

ನನಗೆ ತಲೆ ಎತ್ತಲಾಗಲಿಲ್ಲ. "ತಪ್ಪಾಯ್ತು ಮಗಳೇ. ನಿನ್ನ ಹೆಸರೇನು?"

"ಲಿಂಥೋಯಿ. ಮಣಿಪುರದವಳು. ಪರವಾಗಿಲ್ಲ ಸರ್, ಬಸ್ಸಿನಲ್ಲೂ ದಿನಾ ಇದೇ ಮಾತು ಕಿವಿಗೆ ಬೀಳ್ತದೆ."

ಆ 'ಪರವಾಗಿಲ್ಲ'ವೇ ಹೆಚ್ಚು ಚುಚ್ಚಿತು. ಕರೆ ಕಡಿಯಲು ಅವಳು ತನ್ನ ಫೋನ್ ಎತ್ತಿದಾಗ ಅದರಲ್ಲಿ ನನ್ನ ಹೆಸರು ಕಂಡಿತು. ಇಂಗ್ಲಿಷಿನಲ್ಲಿ ಹೀಗೆ ಬರೆದಿದ್ದಳು: 'ಇಬ್ರಾಹಿಂ ಸರ್. ಶುಕ್ರವಾರ ಮಧ್ಯಾಹ್ನ ನಮಾಜ್, ಕರೆಯಬಾರದು.'

ಅಲ್ಲೇ ನಿಂತು ನನ್ನ ಫೋನಿನಲ್ಲಿ ಅವಳ ಹೆಸರು ತಿದ್ದಿದೆ. ಅರ್ಧ ನಿಮಿಷ ಸಾಕಾಯಿತು. ಆ ಗೇಮಿನವರಿಗೆ ತಮ್ಮ ಹೀರೋನನ್ನು ತಿದ್ದಲು ವರ್ಷಗಳೇ ಬೇಕಾದವಂತೆ. ಆದರೆ ಅವರು ಅದಕ್ಕೂ ಮೊದಲು ಪ್ರವಚನ ಕೊಟ್ಟಿರಲಿಕ್ಕಿಲ್ಲ.