ಹಾಡು ಎತ್ತುವವಳ ಪಕ್ಕದವಳು

ಕಾಯಿಯನ್ನು ಕಿವಿಯ ಬಳಿ ಹಿಡಿದು ಕುಲುಕುತ್ತಾರೆ. ಒಳಗೆ ಕೊಬ್ಬರಿ ಲೊಡಲೊಡ ಎನ್ನುತ್ತದೆ. ಮಚ್ಚಿನ ಬೆನ್ನಿನಿಂದ ಮೂರು ಪೆಟ್ಟು. ಕರಟ ಚೂರಾಗಿ ನೆಲಕ್ಕೆ, ಉಂಡೆ ಕೊಬ್ಬರಿ ಇಡಿಯಾಗಿ ಅಂಗೈಗೆ. ಮತ್ತೊಂದು. ಹುಲಿಕೆರೆಯ ಶಾಲೆಯ ಅಂಗಳದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಜನಪದ ಹಾಡಿನ ವಾರಾಂತ್ಯದ ಶಿಬಿರಕ್ಕೆ ಬಂದ ನಲವತ್ತು ಮಂದಿ ಒಳಗೆ ಮಲಗಿದ್ದಾರೆ. ಕೆಂಪಲಕ್ಷ್ಮಮ್ಮನಿಗೆ ಈ ಕೆಲಸ ಯಾರೂ ಹೇಳಿಲ್ಲ. ಹಾಡಲು ಬಂದ ಇವರು ಅಡುಗೆಯವರ ಕಾಯಿ ಚೀಲಕ್ಕೆ ತಾವಾಗಿಯೇ ಕೈ ಹಾಕಿದ್ದಾರೆ, ಅಷ್ಟೇ.

"ಸುಮ್ಕೆ ಕುಂತ್ರೆ ಕೈ ಕಡೀತವೆ."

ಅರವತ್ತೆರಡರ ಈಕೆ ಹಾರನಹಳ್ಳಿಯವರು. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ದಿನಕ್ಕೆ ಎಂಟುನೂರು ಕಾಯಿ ಒಡೆಯುತ್ತಾರೆ. ಎಡಗೈ ಹೆಬ್ಬೆರಳಿಗೆ ತುದಿಯಿಲ್ಲ. ಗಂಡ ತೀರಿಕೊಂಡ ವರ್ಷ ಮಚ್ಚಿಗೆ ಸಿಕ್ಕಿತು. ಒಂಬತ್ತನೇ ದಿನ ಮತ್ತೆ ಮಂಡಿಯಲ್ಲಿದ್ದರು. ಮನೆಯಲ್ಲಿ ಮೂರು ಮಕ್ಕಳಿದ್ದವು.

ಮದುವೆ ಮನೆಗಳಲ್ಲಿ ಸೋಬಾನೆ ಹಾಡುವುದು ಇದರ ಜೊತೆಗೆ. ಸೋಬಾನೆಯಲ್ಲಿ ಒಬ್ಬರು ಹಾಡು ಎತ್ತುತ್ತಾರೆ, ಇನ್ನೊಬ್ಬರು ಅದೇ ಸೊಲ್ಲನ್ನು ಹಿಡಿದು ತಿರುಗಿ ಹಾಡುತ್ತಾರೆ. ಎತ್ತುವವರು ಎದುರು ಬೀದಿಯ ಬಸಮ್ಮ, ಎಪ್ಪತ್ನಾಲ್ಕು ವರ್ಷ. ಹಿಡಿಯುವವರು ಇವರು. ಮೂವತ್ತೊಂದು ವರ್ಷದಿಂದ ಹೀಗೇ. ಶಿಬಿರದ ಕರಪತ್ರದಲ್ಲಿ 'ಬಸಮ್ಮ ಮತ್ತು ಸಂಗಡಿಗರು' ಎಂದಿದೆ. ಸಂಗಡಿಗರು ಎಂದರೆ ಇವರೊಬ್ಬರೇ.

ಹತ್ತು ಗಂಟೆಗೆ ಕಮ್ಮಟ. ಬಸಮ್ಮ ಎತ್ತುತ್ತಾರೆ, ಕೆಂಪಲಕ್ಷ್ಮಮ್ಮ ಹಿಡಿಯುತ್ತಾರೆ. ಇವರ ಕಾಲಿನ ಹೆಬ್ಬೆರಳು ನೆಲ ಕೆರೆಯುತ್ತಲೇ ಇದೆ. ಕಣ್ಣು ಬಸಮ್ಮನ ಕುತ್ತಿಗೆಯನ್ನು ಬಿಟ್ಟು ಕದಲುವುದಿಲ್ಲ. ವಿರಾಮದಲ್ಲಿ ಮೈಸೂರಿನ ವಿದ್ಯಾರ್ಥಿನಿ ಸಿರಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದನ್ನು ಕೇಳುತ್ತಾ ಎಲ್ಲರೆದುರೇ ಕೆಂಪಲಕ್ಷ್ಮಮ್ಮನನ್ನು ಕೇಳಿಬಿಡುತ್ತಾಳೆ: "ಅಜ್ಜಿ, ಕೆಲವು ಸಾಲಿನ ಕೊನೇಲಿ ಮುಂದಿನ ಸಾಲಿನ ಮೊದಲ ಪದ ಮೆಲ್ಲಗೆ ಹೇಳ್ತೀರಲ್ಲ, ಅದೂ ಪದ್ಧತೀನಾ?"



"ಕೆಮ್ಮಿದ್ದು ಕಣವ್ವ." ಕೆಂಪಲಕ್ಷ್ಮಮ್ಮ ಎದ್ದೇಬಿಡುತ್ತಾರೆ. "ನಮ್ಮೂರ ಕಡೆ ಹೋಗೋ ಜಾವಗಲ್ ಬಸ್ಸು ಎಷ್ಟೊತ್ತಿಗೈತೆ?"

"ಕೂತ್ಕಳೇ ಕೆಂಪಿ, ಕೆಮ್ಮಂತೆ ಕೆಮ್ಮು!" ಬಸಮ್ಮ ನಗುತ್ತಾರೆ. ಆಮೇಲೆ, ಇವರ ಬಗ್ಗೆ ಬರೆಯಲು ಬಂದ ನನ್ನತ್ತ ತಿರುಗಿ, "ಬರ್ಕಳಪ್ಪ. ನಾಕು ವರ್ಷಾತು, ನಂಗೆ ಪದ ಮರ್ತೋಯ್ತವೆ. ಬಾಯಿ ನಂದು, ನೆಪ್ಪು ಇವಳ್ದು."

ಎಲ್ಲಿ ಮರೆಯುತ್ತಾರೆಂದು ಮೊದಲೇ ಹೇಗೆ ತಿಳಿಯುತ್ತದೆ? "ಕುಲುಕಿದ್ರೆ ಕಾಯಿ ಒಣಗೈತೋ ಇಲ್ವೋ ಗೊತ್ತಾಗಾಕಿಲ್ವಾ? ಅಕ್ಕನ ಉಸ್ರೂ ಹಂಗೇ," ಎನ್ನುತ್ತಾರೆ ಕೆಂಪಲಕ್ಷ್ಮಮ್ಮ.

ಮಧ್ಯಾಹ್ನ ಶಿಬಿರದ ಸಂಚಾಲಕ ಭೀಮರಾಜ್ ಮೇಷ್ಟ್ರು ಒಂದು ಏರ್ಪಾಡು ತರುತ್ತಾರೆ: ಸಂಜೆಯ ಹಾಡಿಕೆಯಲ್ಲಿ ಕೆಂಪಲಕ್ಷ್ಮಮ್ಮನೇ ಎತ್ತಲಿ, ಬಸಮ್ಮನಿಗೆ ಶಾಲು ಹೊದಿಸಿ ಮುಂದಿನ ಕುರ್ಚಿಯಲ್ಲಿ ಕೂರಿಸೋಣ. ಬಸಮ್ಮ ಆಗಲೆಂದು ತಲೆಯಾಡಿಸುತ್ತಾರೆ. ಕೆಂಪಲಕ್ಷ್ಮಮ್ಮ ಊಟಕ್ಕೂ ಕೂರುವುದಿಲ್ಲ. ಬೆಳಗಿನ ಕರಟಗಳನ್ನು ಗುಡಿಸುತ್ತಾರೆ, ಗುಡಿಸಿದ ಜಾಗವನ್ನೇ ಮತ್ತೆ ಗುಡಿಸುತ್ತಾರೆ.

"ಒಂದ್ಸಲ ಕುರ್ಚಿಲಿ ಕುಂತ್ರೆ ಮುಗೀತು. ಅಕ್ಕ ಆಮ್ಯಾಕೆ ಯಾವ ಚಪ್ಪರಕ್ಕೂ ಬರಾಕಿಲ್ಲ. ಬಾಗಿಲು ಹಾಕ್ಕಂಡು ಮನೇಲೇ ಉಳೀತಾಳೆ. ನಂಗೊತ್ತು."

ಸಂಜೆ ಐದೂವರೆ. ಅಂಗಳ ತುಂಬಿದೆ. ಹಾಡು ಶುರುವಾಗುವ ಮೊದಲು ಎತ್ತುವವರಿಗೆ ವೀಳ್ಯ ಕೊಡಬೇಕು. ವೀಳ್ಯ ಹಿಡಿದವರೇ ಎತ್ತಬೇಕು. ಮೇಷ್ಟ್ರು ತಟ್ಟೆ ತಂದು ಇಬ್ಬರ ನಡುವೆ ನಿಲ್ಲುತ್ತಾರೆ. ಬಸಮ್ಮ ಅದನ್ನು ಗೆಳತಿಯತ್ತ ತಳ್ಳುತ್ತಾರೆ.

"ತಕ್ಕಳೇ."

ಕೆಂಪಲಕ್ಷ್ಮಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸುತ್ತಾರೆ.

"ಎಷ್ಟು ದಿನ ಅಂತ ಕದ್ದು ಹೇಳ್ಕೊಡ್ತೀಯೇ?"

"ಈಗ ಎಲ್ರಿಗೂ ಗೊತ್ತಾಯ್ತಲ್ಲಕ್ಕ, ಗಟ್ಟಿಯಾಗೇ ಹೇಳ್ಕೊಡ್ತೀನಿ. ವೀಳ್ಯ ಮಾತ್ರ ಮುಟ್ಟಾಕಿಲ್ಲ."